ಇಳಿಯದ ಅಂಕೆ

ಮೆಟ್ಟಿಲ ಕೆಳಗೆ, ಹಳೆ ಬಕೆಟಿನ ಹಿಂದೆ ಒಂದು ಹಸಿರು ಕ್ಯಾನ್ ಇದೆ. ಅದರ ಮುಚ್ಚಳಕ್ಕೆ ಟೇಪ್ ಸುತ್ತಿದವಳು ನಾನೇ. ಮೊನ್ನೆ ಮನೆ ಗುಡಿಸುವಾಗ ನನ್ನ ಮೊಮ್ಮಕ್ಕಳಾದ ನೀವು ಅದನ್ನು ಬಚ್ಚಲಿಗೆ ಸುರಿದು ಖಾಲಿ ಕ್ಯಾನನ್ನು ಗುಜರಿಗೆ ಹಾಕಲು ಹೊರಟಿರಿ. ನಾನು ಗದರಿದೆ. ನಾನು ಗದರುವವಳಲ್ಲ, ಹಾಗಾಗಿ ನೀವು ಮುಖ ಮುಖ ನೋಡಿಕೊಂಡಿರಿ. ನಿಮ್ಮ ಅಮ್ಮ ಒಳಗಿನಿಂದ "ಅತ್ತೆಗೆ ಎಂತಾಯ್ತು?" ಎಂದು ಕೇಳಿದಳು. ಹೇಳಬೇಕೆಂದು ಬಾಯಿ ತೆರೆದೆ, ಮಾತು ಬರಲಿಲ್ಲ. ನಾಲ್ಕು ಜನರ ಮುಂದೆ ನನಗೆ ಯಾವತ್ತೂ ಮಾತು ಬಂದದ್ದಿಲ್ಲ. ಅದಕ್ಕೇ ಊರಿನ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ.

ನಾನು ಕೂಳೂರು ಸೇತುವೆಯ ಆಚೆ ಒಂದು ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ ಎಂಬುದು ನಿಮಗೆ ಗೊತ್ತು. ಅಲ್ಲಿ ಕುಡಿಯುವ ನೀರು, ಎಣ್ಣೆ, ಮೀನಿನ ಹುಡಿ ಎಲ್ಲವನ್ನೂ ಪರೀಕ್ಷೆ ಮಾಡುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಕೊಳಚೆ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ನಿಮ್ಮ ಅಪ್ಪನ ಮದುವೆಯ ಮಾತುಕತೆಯಲ್ಲಿ "ಲ್ಯಾಬಿನಲ್ಲಿ ಕೆಲಸ" ಎಂದಷ್ಟೇ ಹೇಳಿ ನಿಲ್ಲಿಸಿದ್ದೆ.

ಊರಿನ ಬಚ್ಚಲು, ಕಕ್ಕಸುಗಳ ನೀರೆಲ್ಲ ಪೈಪಿನಲ್ಲಿ ಹರಿದು ಒಂದು ಸಂಸ್ಕರಣಾ ಘಟಕಕ್ಕೆ ಹೋಗುತ್ತದೆ. ಅಲ್ಲಿ ದೊಡ್ಡ ತೊಟ್ಟಿಗಳಲ್ಲಿ ಕಂದು ಬಣ್ಣದ ನೀರು ಹಗಲೂ ರಾತ್ರಿ ಕುದಿಯುವ ಹಾಗೆ ಕಾಣುತ್ತದೆ. ಅದು ಕುದಿಯುವುದಲ್ಲ, ಅಡಿಯಿಂದ ಗಾಳಿ ಬಿಡುತ್ತಿರುತ್ತಾರೆ. ಆ ಕಂದು ನೀರನ್ನು ಹಗ್ಗ ಕಟ್ಟಿದ ಡಬ್ಬದಲ್ಲಿ ಮೊಗೆದು ಕ್ಯಾನಿಗೆ ತುಂಬಿ ಲ್ಯಾಬಿಗೆ ತರುವುದು ನನ್ನ ಕೆಲಸ. ಕ್ಯಾನಿನ ಮುಚ್ಚಳವನ್ನು ಬಿಗಿಯಾಗಿ ಹಾಕಬಾರದು, ಒಳಗಿರುವವು ಉಸಿರುಗಟ್ಟಿ ಸಾಯುತ್ತವೆ.

ಮೊದಲ ಸಲ ಇದನ್ನು ಹೇಳಿದವರು ನಮ್ಮ ಮೇಡಂ. ಈ ಪರೀಕ್ಷೆ ಮಾಡುತ್ತಿದ್ದವರು ಅವರು. ಉಳ್ಳಾಲದ ವ್ಯಾಪಾರಸ್ಥರ ಮನೆಯ ಹುಡುಗಿ. ತಂದೆಗೆ ಅಂಗಡಿ, ಅಣ್ಣ ಗಲ್ಫಿನಲ್ಲಿ. ನನಗೆ ಮಗಳಾಗುವ ವಯಸ್ಸು, ಆದರೂ ನಾನು ಮೇಡಂ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು.

"ಅಕ್ಕ, ಇದು ಬರೀ ಕೆಸರಲ್ಲ. ಇದರೊಳಗೆ ಜೀವ ಉಂಟು. ನಾವೆಲ್ಲ ಹೊರಗೆ ಹಾಕಿದ್ದನ್ನು ತಿಂದು ನೀರು ತಿಳಿ ಮಾಡಿ ಕೊಡುವುದು ಇವೇ."

"ಇಷ್ಟೆಲ್ಲ ಮಾಡಿದ್ರೂ ಯಾರಿಗೂ ಗೊತ್ತೇ ಇಲ್ಲ ಅಲ್ವಾ?" ಎಂದೆ.

"ನಮ್ಮಿಬ್ಬರ ಹಾಗೆ" ಎಂದು ಅವರು ನಕ್ಕರು.

ತಂದ ಮೇಲೆ ಅದಕ್ಕೊಂದು ಆರೈಕೆ ಇತ್ತು. ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟರೆ ಕೆಸರು ಅಡಿಗಿಳಿಯುತ್ತದೆ. ಮೇಲಿನ ನೀರನ್ನು ಬಗ್ಗಿಸಿ ಚೆಲ್ಲಿ ಹೊಸ ನೀರು ಹಾಕಬೇಕು. ನಲ್ಲಿ ನೀರನ್ನು ನೇರ ಹಾಕುವಂತಿಲ್ಲ, ಅದರ ಕ್ಲೋರಿನ್ ಇವನ್ನು ಕೊಲ್ಲುತ್ತದೆ. ಹಿಂದಿನ ದಿನವೇ ಬಾಯಿ ತೆರೆದ ಪಾತ್ರೆಯಲ್ಲಿ ತುಂಬಿಸಿ ಇಟ್ಟಿರಬೇಕು. ಆಮೇಲೆ ಊಟ: ಪೆಪ್ಟೋನ್ ಎಂಬ ಹುಡಿ, ಮಾಂಸದ ಸತ್ವ, ಯೂರಿಯಾ, ಸ್ವಲ್ಪ ಉಪ್ಪುಗಳು. ಮಾಂಸದ ಸತ್ವದ ಡಬ್ಬ ತೆರೆದಾಗಲೆಲ್ಲ ಆಫೀಸಿನ ಗುಮಾಸ್ತರು ಮೂಗು ಮುಚ್ಚಿಕೊಂಡು, "ಶನಿವಾರವೂ ಇವಕ್ಕೆ ಮಾಂಸವೇ ಬೇಕಾ ಮಾರಾಯ್ರೆ, ಒಂದು ದಿನ ತಿಳಿಸಾರು ಕೊಡಿ" ಎನ್ನುತ್ತಿದ್ದರು. ಇವನ್ನು ಇಡುವ ಲ್ಯಾಬಿನ ತೊಟ್ಟಿಯೊಳಗೆ ಹಗಲು ರಾತ್ರಿ ಗಾಳಿ ಆಡುತ್ತಿರಬೇಕು. ಅಲಂಕಾರದ ಮೀನಿನ ತೊಟ್ಟಿಗಳಲ್ಲಿ ಗುಳ್ಳೆ ಬಿಡುವ ಕಲ್ಲು ನೋಡಿದ್ದೀರಲ್ಲ, ಅದೇ ಕಲ್ಲು, ಸಣ್ಣ ಸಣ್ಣ ತೂತುಗಳಿರುವುದು. ಭಾನುವಾರವೂ ಊಟ ತಪ್ಪಬಾರದೆಂದು ಲ್ಯಾಬಿನ ಒಂದು ಬೀಗದ ಕೈಯನ್ನು ನನ್ನ ಹತ್ತಿರವೇ ಕೊಟ್ಟಿದ್ದರು.

ಕೆಸರು ಆರೋಗ್ಯವಾಗಿದ್ದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಕೊಳಚೆಯಿಂದ ಅಂಥ ವಾಸನೆ ಬರುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಸತ್ತರೆ ಮಾತ್ರ ಕೊಳೆತ ಮೊಟ್ಟೆ.

ಪರೀಕ್ಷೆ ಹೀಗೆ. ಒಂದೇ ಅಳತೆಯ ಕೆಸರನ್ನು ಬೇರೆ ಬೇರೆ ಪಾತ್ರೆಗಳಿಗೆ ಹಾಕುತ್ತಾರೆ. ಒಂದಕ್ಕೆ ಏನೂ ಬೆರೆಸುವುದಿಲ್ಲ, ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಉಳಿದವಕ್ಕೆ ಪರೀಕ್ಷಿಸಬೇಕಾದ ರಾಸಾಯನಿಕವನ್ನು ಸ್ವಲ್ಪ, ಇನ್ನಷ್ಟು, ಮತ್ತೂ ಹೆಚ್ಚು ಎಂದು ಹಾಕುತ್ತಾರೆ. ಇನ್ನೊಂದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ವಿಷ, ಅದಕ್ಕೆ ರೆಫರೆನ್ಸ್ ಎನ್ನುತ್ತಾರೆ. ಅದು ಕೊಲ್ಲಬೇಕಾದಷ್ಟು ಕೊಂದರೆ ನಮ್ಮ ಪರೀಕ್ಷೆ ಸರಿಯಾಗಿದೆ ಎಂದರ್ಥ. ಮೂರು ಗಂಟೆ ಗಾಳಿ ಆಡಿಸಿ, ಆಮೇಲೆ ಒಂದೊಂದನ್ನೇ ಬಾಟಲಿಗೆ ತುಂಬಿ, ಗಾಳಿ ಹೋಗದಂತೆ ಮುಚ್ಚಿ, ಮೀಟರಿನ ಪ್ರೋಬ್ ಎಂಬ ಕಡ್ಡಿ ಇಳಿಸುತ್ತಾರೆ. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಎಂದು ಮೀಟರ್ ತೋರಿಸುತ್ತದೆ. ಬದುಕಿರುವವು ಉಸಿರಾಡುತ್ತಾ ಆಮ್ಲಜನಕವನ್ನು ಮುಗಿಸುತ್ತವೆ, ಅಂಕೆ ಇಳಿಯುತ್ತಾ ಹೋಗುತ್ತದೆ. ಆಸ್ಪತ್ರೆಯ ಮೀಟರುಗಳಲ್ಲಿ ಅಂಕೆ ಇಳಿದರೆ ನಮಗೆ ಹೆದರಿಕೆ. ಇಲ್ಲಿ ಇಳಿಯಬೇಕು. ಇಳಿಯದೆ ನಿಂತರೆ ಸಾವು.

ಆ ವರ್ಷ ನವರಾತ್ರಿಗೆ ಸ್ವಲ್ಪ ಮೊದಲು ಕ್ಲೀನಿಂಗ್ ದ್ರವ ಮಾಡುವ ಕಂಪನಿಯೊಂದರ ಮನುಷ್ಯ ಬಂದ. ಹಸಿರು ಬಣ್ಣ, ನಿಂಬೆಯ ವಾಸನೆ. ಮೀನು ಪ್ಯಾಕಿಂಗ್ ಶೆಡ್ಡುಗಳ ನೆಲ, ಮೇಜು, ಟ್ರೇ ತೊಳೆಯುವುದಕ್ಕೆ. ಕೂಳೂರಿನಿಂದ ಕೆಳಗೆ ನದಿ ದಡದ ಒಂದು ದೊಡ್ಡ ಶೆಡ್ಡಿನವರು ಅದನ್ನು ಕೊಳ್ಳಲು ತಯಾರಿದ್ದರು. ಆದರೆ ಶೆಡ್ಡಿನ ರಕ್ತದ ನೀರು, ತೊಳೆದ ನೀರು ಎಲ್ಲ ಅವರದೇ ಸಂಸ್ಕರಣೆಯ ತೊಟ್ಟಿಗೆ ಹೋಗಿ, ಅಲ್ಲಿಂದ ನದಿಗೆ ಸೇರುತ್ತಿತ್ತು. ಈ ದ್ರವ ಆ ತೊಟ್ಟಿಯ ಜೀವಿಗಳನ್ನು ಕೊಲ್ಲುವುದಿಲ್ಲ ಎಂದು ಲ್ಯಾಬಿನ ರಿಪೋರ್ಟ್ ಬೇಕಿತ್ತು.

ಆ ಶೆಡ್ಡಿನ ಹೆಸರು ಕೇಳಿದ ಕೂಡಲೇ ನನ್ನ ಕಿವಿ ನಿಮಿರಿತು. ಅದರ ಕೆಳಗಿನ ನೀರಿನಲ್ಲೇ ನನ್ನ ತಂಗಿ ಮರುವಾಯಿ ಹೆಕ್ಕುತ್ತಿದ್ದದ್ದು. ನೀವು ಸುಕ್ಕ ಮಾಡಿ ತಿನ್ನುತ್ತೀರಲ್ಲ, ಚಿಪ್ಪಿನ ಮರುವಾಯಿ, ಅದೇ. ಇಳಿತದ ಹೊತ್ತಿಗೆ ಅವಳೂ ಅವಳ ಗಂಡನೂ ಎದೆಮಟ್ಟ ನೀರಿನಲ್ಲಿ ನಿಂತು, ಕಾಲಿನಲ್ಲಿ ತಡವಿ, ಮುಳುಗಿ ಎತ್ತಿ, ತೇಲುವ ಟಬ್ಬಿಗೆ ಹಾಕುತ್ತಿದ್ದರು. ಬೋಟು ಬಲೆ ಅವರಿಗಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಅದರಲ್ಲೇ.

ಕಂಪನಿಯ ಮನುಷ್ಯ ಪರೀಕ್ಷೆಯ ಸ್ಯಾಂಪಲಿನ ಜೊತೆ ಹಬ್ಬಕ್ಕೆಂದು ಸ್ವೀಟ್ ಬಾಕ್ಸನ್ನೂ ಅದೇ ದ್ರವದ ಎರಡು ದೊಡ್ಡ ಕ್ಯಾನುಗಳನ್ನೂ ಕೊಟ್ಟು ಹೋದ.

ಆಯುಧ ಪೂಜೆಯ ದಿನ ಮೇಡಂ ರಜೆಯಲ್ಲಿದ್ದರು. ಮರುದಿನ ಎಲ್ಲ ಕಡೆ ರಜೆಯಾದ್ದರಿಂದ ಕೆಸರು ತರಲು ನಾನು ಅವತ್ತೇ ಘಟಕಕ್ಕೆ ಹೋದೆ. ಅಲ್ಲಿಯೂ ಪೂಜೆ. ಪಂಪುಗಳಿಗೆಲ್ಲ ಕುಂಕುಮ, ಗೊಂಡೆ ಹೂವಿನ ಮಾಲೆ. ಪ್ರಸಾದದ ಅವಲಕ್ಕಿ ತಿಂದಲ್ಲದೆ ಪಂಪಿನವರು ಬಿಡಲಿಲ್ಲ. ಲ್ಯಾಬಿಗೆ ಬರುವಾಗ ಅಲ್ಲೂ ಪೂಜೆ ಮುಗಿದಿತ್ತು. ಗಾಜಿನ ಪಾತ್ರೆ, ಪೈಪು, ತಕ್ಕಡಿ ಎಲ್ಲ ಹೊಸದರ ಹಾಗೆ ಹೊಳೆಯುತ್ತಿದ್ದವು, ಪ್ರತಿಯೊಂದಕ್ಕೂ ಒಂದೊಂದು ಬೊಟ್ಟು. ಇಡೀ ಕೋಣೆಯಲ್ಲಿ ನಿಂಬೆಯ ಪರಿಮಳ. ನೆಲ ಒರೆಸಿದ್ದಾರೆ ಎಂದುಕೊಂಡು ಕೆಸರನ್ನು ತೊಟ್ಟಿಗೆ ಹಾಕಿ, ಗಾಳಿಯ ಕಲ್ಲು ಇಳಿಸಿ, ಊಟ ಕೊಟ್ಟು ಮನೆಗೆ ಬಂದೆ.

ರಜೆ ಮುಗಿಸಿ ಬಂದ ಮೇಡಂ ಮೊದಲು ಮೀಟರನ್ನು ನೋಡಿದರು. "ಯಾ ಅಲ್ಲಾ" ಎಂದು ಪ್ರೋಬಿನ ತುದಿಯ ಕುಂಕುಮವನ್ನು ಹತ್ತಿಯಲ್ಲಿ ಒರೆಸಿದರು. "ಸರ್, ಬರುವ ವರ್ಷ ಮೀಟರಿನ ಬೆನ್ನಿಗೆ ಎಷ್ಟು ಬೇಕಾದ್ರೂ ಹಚ್ಚಿ. ಮೂಗಿಗೆ ಬೇಡ."

ಸರ್ ಎಂದರೆ ಲ್ಯಾಬಿನ ಮಾಲಕರು. "ಮೂಗಿಗೇ ಅಲ್ವಾ ಗಂಧ ಬೇಕಾದ್ದು" ಎಂದು ಅವರೂ ನಕ್ಕರು. ಅವರನ್ನು ಕೆಟ್ಟವರೆಂದು ಬರೆಯಲು ನನಗೆ ಮನಸ್ಸಿಲ್ಲ. ನಿಮ್ಮ ಅಜ್ಜ ತೀರಿಹೋದ ಮೇಲೆ ಕರೆದು ಕೆಲಸ ಕೊಟ್ಟವರು ಅವರು. ನಿಮ್ಮ ಅಪ್ಪನ ಹೆಸರು, ಓದು ಎಲ್ಲ ನೆನಪಿಟ್ಟು ವಿಚಾರಿಸುತ್ತಿದ್ದರು. ಕಹಿ ಇರುವುದು ಅಲ್ಲೇ.

ಪರೀಕ್ಷೆ ಮಾಡಿದೆವು. ಕಂಟ್ರೋಲಿನ ಬಾಟಲಿಯಲ್ಲಿ ಅಂಕೆ ಇಳಿಯಿತು, ಆದರೆ ಮಂಡಿ ನೋವಿರುವವರು ಮೆಟ್ಟಿಲು ಇಳಿದ ಹಾಗೆ. ಹಸಿರು ದ್ರವ ಸ್ವಲ್ಪ ಹಾಕಿದ್ದೂ ಅಷ್ಟೇ, ಹೆಚ್ಚು ಹಾಕಿದ್ದೂ ಹೆಚ್ಚುಕಮ್ಮಿ ಅಷ್ಟೇ. ಗೊತ್ತಿರುವ ವಿಷದ ಬಾಟಲಿಯೂ ಕಂಟ್ರೋಲಿಗಿಂತ ಅಷ್ಟೇನೂ ಹಿಂದೆ ಬೀಳಲಿಲ್ಲ. ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿದರು.

"ಅಕ್ಕ, ವಿಷ ಹಾಕಿದ್ದೂ ಹಾಕದ್ದೂ ಒಂದೇ ತರ ಆದ್ರೆ ಎಂತ ಅರ್ಥ?"

"ವಿಷ ಹಳತಾ?"

"ಇಲ್ಲ. ಹಾಕದ್ದರಲ್ಲೂ ವಿಷ ಉಂಟು ಅಂತ."

ಅವರು ಗಾಳಿಯ ಕಲ್ಲೊಂದನ್ನು ಶುದ್ಧ ನೀರಿನ ಬಾಟಲಿಗೆ ಹಾಕಿ ಗಟ್ಟಿಯಾಗಿ ಅಲುಗಿಸಿದರು. ನೀರಿನ ಮೇಲೆ ಎರಡು ಬೆರಳು ದಪ್ಪ ನೊರೆ ನಿಂತಿತು. ಮೂಸಿದರೆ ನಿಂಬೆ.

ಗುಮಾಸ್ತರನ್ನು ಕೇಳಿದೆವು. ಅವರಿಗೆ ಖುಷಿಯೋ ಖುಷಿ. "ನಾನೇ ತೊಳೆದದ್ದು. ಕನ್ನಡಿಯ ಹಾಗೆ ಆಗ್ಬೇಕು ಅಂತ ಸರ್ ಹೇಳಿದ್ರು. ಆ ಕಲ್ಲುಗಳನ್ನು ರಾತ್ರಿಯಿಡೀ ನೆನೆಸಿಟ್ಟೆ. ಒಳ್ಳೆ ಮಾಲು ಮಾರಾಯ್ರೆ, ಒಂದು ಕ್ಯಾನ್ ಮನೆಗೂ ತಗೊಂಡು ಹೋಗ್ತೇನೆ ಅಂತ ಉಂಟು."

ಯಾವ ದ್ರವವನ್ನು ವಿಷವೋ ಅಲ್ಲವೋ ಎಂದು ನೋಡಬೇಕಿತ್ತೋ ಅದರಲ್ಲೇ ಪಾತ್ರೆಗಳನ್ನು ತೊಳೆದಿದ್ದರು, ಅದೂ ದೇವರ ಹೆಸರಿನಲ್ಲಿ, ಭಕ್ತಿಯಿಂದ. ಕಲ್ಲಿನ ತೂತುಗಳಲ್ಲಿ ನಿಂತದ್ದು ಗಾಳಿಯ ಜೊತೆ ಸೋರುತ್ತಾ, ರಜೆಯ ದಿನವೆಲ್ಲ ಕೆಸರನ್ನು ಕೊಲ್ಲುತ್ತಿತ್ತು. ನಾನು ಊಟ ಕೊಡುತ್ತಿದ್ದೆ, ಕಲ್ಲು ಕೊಲ್ಲುತ್ತಿತ್ತು. ಸಾಯುತ್ತಿರುವ ಕಂಟ್ರೋಲಿನ ಪಕ್ಕದಲ್ಲಿಟ್ಟು ನೋಡಿದರೆ ವಿಷವೂ ವಿಷದ ಹಾಗೆ ಕಾಣುವುದಿಲ್ಲ.

ಮೇಡಂ ಸರ್ ಹತ್ತಿರ ಹೋದರು. ನಾನು ಬಾಗಿಲ ಹತ್ತಿರ ಚಹಾದ ತಟ್ಟೆ ಹಿಡಿದು ನಿಂತಿದ್ದೆ.

"ಇದನ್ನು ಬಿಸಾಡಿ ಮತ್ತೊಮ್ಮೆ ಮಾಡ್ಬೇಕು ಸರ್."

"ಕಂಟ್ರೋಲ್ ಫೇಲಾ?"

"ಪಾಸಾಗುವ ಗೆರೆಯ ಸ್ವಲ್ಪ ಮೇಲೆ ಉಂಟು. ಆದ್ರೆ ರೆಫರೆನ್ಸ್ ಹೊರಗೆ ಹೋಗಿದೆ. ಕಲ್ಲಲ್ಲೇ ಸೋಪು."

"ಗೆರೆ ದಾಟಿದೆ ಅಲ್ವಾ? ಮತ್ತೆಂತ. ರೆಫರೆನ್ಸ್ ಹೋದ ತಿಂಗಳಿದ್ದು ಚೆನ್ನಾಗಿ ಬಂದಿತ್ತು, ಅದನ್ನೇ ಹಾಕಿ." ಸರ್ ಚಹಾ ತೆಗೆದುಕೊಂಡರು. "ಆ ಮನುಷ್ಯ ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತಾನೆ. ಸೋಪು ಕೆಟ್ಟದ್ದು ಅಂತ ಯಾರು ಹೇಳಿದ್ದು? ಸೋಪು ಅಂದ್ರೆ ಕೊಳೆ ತೊಳೆಯುವಂಥದ್ದು."

ಮೇಡಂ ಹೊರಗೆ ಬಂದು ಕೈ ತೊಳೆಯುವ ಸಿಂಕಿನ ಮುಂದೆ ನಿಂತರು. ನಲ್ಲಿ ಬಿಡಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು.

"ಭಾನುವಾರದ ಬೀಗದ ಕೈ ನಿಮ್ಮ ಹತ್ತಿರ ಅಲ್ವಾ ಅಕ್ಕ?"

ಹೌದು ಎಂದೆ.

"ನೀವು ಇಲ್ಲ ಅಂದ್ರೆ ನನಗೆ ಬೇಜಾರಿಲ್ಲ ಆಯ್ತಾ. ನನಗೆ ಅಪ್ಪ ಉಂಟು, ಅಣ್ಣ ಉಂಟು. ನಿಮಗೆ ಇದೊಂದೇ."

ಅವರು ಹೇಳಿದ್ದು ನಿಜ. ನಿಮ್ಮ ಅಪ್ಪನಿಗೆ ಆಗ ಖಾಯಂ ಕೆಲಸ ಇರಲಿಲ್ಲ. ಸಂಜೆ ಅತ್ತಾವರದ ಈ ಮನೆಗೆ ಬಂದು ಅಕ್ಕಿ ತೊಳೆಯುತ್ತಿರುವಾಗ ಅದನ್ನೇ ಯೋಚಿಸಿದೆ. ನಾನು ಧೈರ್ಯದವಳಲ್ಲ. ಆದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ತಂಗಿಯ ಟಬ್ಬು, ಅದರೊಳಗೆ ಮರುವಾಯಿ ಟಿಕ್ ಟಿಕ್ ಎಂದು ಚಿಪ್ಪು ಮುಚ್ಚುವ ಸದ್ದು. ಹಿಡಿದಾಗ ಚಿಪ್ಪು ಮುಚ್ಚಿದರೆ ಜೀವ ಇದೆ, ಬಾಯಿ ಬಿಟ್ಟೇ ಇದ್ದರೆ ಬಿಸಾಡಬೇಕು, ಇದು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಮರುದಿನ ಮೇಡಂ ಮುಖ ನೋಡದೆಯೇ "ಭಾನುವಾರ ಬೆಳಿಗ್ಗೆ ಕೆಸರು ತರ್ತೇನೆ" ಎಂದೆ.

ಪೂಜೆ ಮುಟ್ಟದ ಪಾತ್ರೆ ನಮಗೆ ಬೇಕಿತ್ತು. ಕಪಾಟಿನ ತಲೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಾಟಲಿಗಳಿದ್ದವು. ಗುಮಾಸ್ತರ ಕೈ ಅಷ್ಟು ಎತ್ತರ ಹೋಗಿರಲಿಲ್ಲ. ಜೇಡರ ಬಲೆ, ಧೂಳು, ಸತ್ತ ಜಿರಳೆ. ಲ್ಯಾಬಿನಲ್ಲಿ ಶುದ್ಧವಾಗಿದ್ದದ್ದು ಅವು ಮಾತ್ರ. ಮೇಡಂ ಮೀನಿನ ತೊಟ್ಟಿ ಮಾರುವ ಅಂಗಡಿಯಿಂದ ಹೊಸ ಕಲ್ಲು, ಪೈಪು ತಂದರು. ಉಪ್ಪಿನಕಾಯಿಯ ಗಾಜಿನ ಭರಣಿಗಳೂ ಬಂದವು.

ಭಾನುವಾರ ಕೆಸರನ್ನು ಬಸ್ಸಿನಲ್ಲಿ ತರಬೇಕಾಯಿತು. ಲ್ಯಾಬಿನ ಗಾಡಿ ಇಲ್ಲ, ರಿಕ್ಷಾದವರು ಕ್ಯಾನ್ ನೋಡಿಯೇ ಮುಂದೆ ಹೋದರು. ಬ್ಯಾಟರಿಯ ಗುಳ್ಳೆಯಂತ್ರ ಕಟ್ಟಿ, ಮೇಲಿನಿಂದ ಹಳೆ ಸೀರೆಯ ತುಂಡು ಮುಚ್ಚಿ, ಹಿಂದಿನ ಸೀಟಿನಲ್ಲಿ ಕಾಲ ನಡುವೆ ಇಟ್ಟುಕೊಂಡೆ. ಕಂಡಕ್ಟರ್ ಬಗ್ಗಿ ನೋಡಿದ.

"ಎಂತ ಅಕ್ಕ, ಒಳಗೆ ಬುಳುಬುಳು ಅಂತ ಹೇಳ್ತದೆ?"

ನನಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳಲು ನಾಚಿಕೆ. "ಜೀವ ಉಂಟು" ಎಂದೆ.

"ಮೀನಾ?"

ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗು ಹಿಗ್ಗಿಸಿ, "ಮೀನಲ್ಲ ಮಾರಾಯ, ಮಣ್ಣಿನ ವಾಸನೆ. ಗಿಡ ಇರ್ಬೇಕು" ಎಂದಳು.

"ಬುಳುಬುಳು ಹೇಳುವ ಗಿಡವಾ? ಹಾಗಾದ್ರೆ ಅದಕ್ಕೂ ಒಂದು ಟಿಕೆಟ್ ಹರಿಯುವಾ" ಎಂದ. ಬಸ್ಸಿನಲ್ಲಿ ನಗು. ನಾನೂ ನಕ್ಕೆ. ಕೆಸರಿಗೆ ಮಣ್ಣಿನ ವಾಸನೆ ಇದೆ ಎಂದು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಮುಚ್ಚಿದ ಲ್ಯಾಬಿನಲ್ಲಿ ಇಬ್ಬರೇ ಕೆಲಸ ಮಾಡಿದೆವು. ತೊಳೆದು, ಅಳೆದು, ಊಟ ಸೇರಿಸಿ, ದ್ರವ ಬೆರೆಸಿ, ಗಾಳಿ ಬಿಟ್ಟೆವು. ಮೂರು ಗಂಟೆಯ ಹೊತ್ತು ಮೇಡಂ ಮನೆಯಿಂದ ತಂದ ಅಕ್ಕಿಯ ಪತ್ತಿರಿ ರೊಟ್ಟಿಯನ್ನು ನಾನು ತಂದಿದ್ದ ಬಂಗುಡೆ ಮೀನಿನ ಪುಳಿಮುಂಚಿ ಸಾರಿನಲ್ಲಿ ಅದ್ದಿ ತಿಂದೆವು. ಆಮೇಲೆ ಮೊದಲ ಬಾಟಲಿಗೆ ಪ್ರೋಬ್ ಇಳಿಸಿದರು.

ಕಂಟ್ರೋಲಿನ ಅಂಕೆ ಶಾಲೆ ಬಿಟ್ಟ ಮಕ್ಕಳು ಮೆಟ್ಟಿಲಿಳಿದ ಹಾಗೆ ಇಳಿಯಿತು. ಬರೆದುಕೊಳ್ಳಲು ಪುರುಸೊತ್ತಿಲ್ಲದಷ್ಟು ಬೇಗ. ವಿಷದ ಬಾಟಲಿ ಬೇಕಾದಲ್ಲಿ ಬೇಕಾದಷ್ಟು ಹಿಂದೆ ಬಿತ್ತು. ಹಸಿರು ದ್ರವ ಅತಿ ಕಡಿಮೆ ಹಾಕಿದ ಬಾಟಲಿಯಲ್ಲಿ ಅಂಕೆ ಎಳೆದು ಎಳೆದು ಇಳಿಯಿತು. ಅದರ ನಂತರದ್ದರಲ್ಲಿ ಇನ್ನೂ ನಿಧಾನ. ಕೊನೆಯದಕ್ಕೆ ಪ್ರೋಬ್ ಇಳಿಸಿದಾಗ ಅಂಕೆ ಒಮ್ಮೆ ಮಿನುಗಿ ನಿಂತಿತು. ಕಾದೆವು. ಇಳಿಯಲಿಲ್ಲ. ಮೀಟರ್ ಕೆಟ್ಟಿದೆಯೋ ಎಂದು ಮೇಡಂ ಪ್ರೋಬ್ ತೊಳೆದು ಮತ್ತೆ ಕಂಟ್ರೋಲಿಗೆ ಇಳಿಸಿದರು, ಇಳಿಯಿತು. ಪುನಃ ಕೊನೆಯದಕ್ಕೆ. ನಿಂತೇ ಇತ್ತು.

"ಒಂದೂ ಉಳಿಯಲಿಲ್ಲ ಅಕ್ಕ" ಎಂದರು.

ನನಗೆ ಒಳಗೆ ಸಮಾಧಾನವೇ ಆಯಿತು. ಗೊತ್ತಾಯಿತಲ್ಲ, ಇನ್ನು ಯಾರೂ ಅದನ್ನು ನದಿಯ ದಡಕ್ಕೆ ತರುವುದಿಲ್ಲ ಎಂದುಕೊಂಡೆ. ಸತ್ಯ ಒಮ್ಮೆ ಅಳತೆಗೆ ಸಿಕ್ಕರೆ ಮುಗಿಯಿತು ಎಂದು ತಿಳಿಯುವಷ್ಟು ಪೆದ್ದಿಯಾಗಿದ್ದೆ.

ಸೋಮವಾರ ಮೇಡಂ ಹೊಸ ಅಂಕೆಗಳನ್ನು ಸರ್ ಮೇಜಿನ ಮೇಲಿಟ್ಟರು. ಸರ್ ಇಬ್ಬರನ್ನೂ ಕರೆದರು. ಗುಮಾಸ್ತರೂ ಇದ್ದರು. ಸರ್ ಸಿಟ್ಟು ಮಾಡಲಿಲ್ಲ, ಅದೇ ಹೆದರಿಕೆಯಾದದ್ದು.

"ಭಾನುವಾರ ಬಾಗಿಲು ತೆರೆದವರು ಯಾರು?"

"ನಾನು" ಎಂದೆ.

"ನೋಡಿ, ಕೆಲಸದ ನಂಬರ್ ಇಲ್ಲದೆ, ರಜೆಯ ದಿನ, ಉಪ್ಪಿನಕಾಯಿ ಭರಣಿಯಲ್ಲಿ ಮಾಡಿದ್ದು ಲ್ಯಾಬಿನ ಟೆಸ್ಟ್ ಅಲ್ಲ. ಅದು ಅಡುಗೆ."

"ಪಾತ್ರೆ ಯಾವುದಾದ್ರೆ ಎಂತ ಸರ್, ರೆಫರೆನ್ಸ್ ಸರಿ ಬಂದಿದೆ" ಎಂದು ಮೇಡಂ ಹೇಳಿದರು. "ಮೊದಲಿನದ್ದು ತಪ್ಪು ಅಂತ ನಿಮಗೂ ಗೊತ್ತುಂಟು."

ಆಗ ನನಗೆ ಎಲ್ಲಿಂದ ಮಾತು ಬಂತೋ ತಿಳಿಯದು. "ಕಲ್ಲು ತೊಳೆದದ್ದು ಅದರಲ್ಲೇ ಸರ್. ಅವರೇ ಹೇಳಿದ್ದಾರೆ" ಎಂದು ಗುಮಾಸ್ತರ ಕಡೆ ನೋಡಿದೆ.

ಸರ್ ಕೂಡ ನೋಡಿದರು. ದಿನವೂ ಹತ್ತು ಮಾತಾಡುವ ಮನುಷ್ಯ ತನ್ನ ಚಪ್ಪಲಿ ನೋಡಿಕೊಂಡು, "ಯಾವುದರಲ್ಲಿ ತೊಳೆದದ್ದು ಅಂತ ಈಗ ಸರಿ ನೆನಪಿಲ್ಲ" ಎಂದರು. ಅವರಿಗೂ ಮನೆ ಇತ್ತು, ಹೆಣ್ಣುಮಕ್ಕಳಿದ್ದರು.

"ಆಯ್ತಲ್ಲ" ಎಂದರು ಸರ್. ಆಮೇಲೆ ನನ್ನ ಕಡೆ ತಿರುಗಿ, ತುಂಬ ಮೆದುವಾಗಿ, "ಈ ಲ್ಯಾಬಲ್ಲಿ ಎಷ್ಟು ಮನೆಯ ಒಲೆ ಉರೀತದೆ ಅಂತ ನಿಮಗೆ ಗೊತ್ತುಂಟು. ನಿಮ್ಮದೂ ಸೇರಿ" ಎಂದರು.

ಮೊದಲಿನ ರಿಪೋರ್ಟೇ ಹೋಯಿತು. ಮೇಡಂ ಸಹಿ ಹಾಕಲಿಲ್ಲ, ಸರ್ ತಾವೇ ಹಾಕಿದರು. ಆ ವಾರವೇ ಮೇಡಂ ಕೆಲಸ ಬಿಟ್ಟರು. ಹೋಗುವ ದಿನ ಹೊಸ ಕಲ್ಲುಗಳನ್ನು ನನ್ನ ಕೈಯಲ್ಲಿಟ್ಟು, "ಇವನ್ನು ಯಾರಿಗೂ ತೊಳೀಲಿಕ್ಕೆ ಕೊಡ್ಬೇಡಿ" ಎಂದರು. ಈಗ ಅವರು ಅಣ್ಣನಿರುವ ಊರಿನಲ್ಲಿ ಸಮುದ್ರದ ನೀರು ಸಿಹಿ ಮಾಡುವ ಕಡೆ ಕೆಲಸದಲ್ಲಿದ್ದಾರೆ. ಪೆರ್ನಾಳಿಗೆ, ಅವರ ಈದ್ ಹಬ್ಬಕ್ಕೆ, ಫೋನ್ ಮಾಡುತ್ತಾರೆ. ಆ ಪರೀಕ್ಷೆಯ ಮಾತು ನಾವಿಬ್ಬರೂ ಎತ್ತುವುದಿಲ್ಲ.

ಬೀಗದ ಕೈಯನ್ನು ನನ್ನಿಂದ ತೆಗೆದುಕೊಂಡರು. ಕೆಲಸದಿಂದ ತೆಗೆಯಲಿಲ್ಲ. ನನಗೆ ಆ ಕೆಲಸ ಬೇಕಿತ್ತು, ಇದ್ದೆ.

ಆದರೂ ತಂಗಿಗೆ ಹೇಳದೆ ಇರಲು ಆಗಲಿಲ್ಲ. ಕೂಳೂರಿನಲ್ಲಿ ಇಳಿದು ಅವಳ ಮನೆಗೆ ಹೋದೆ. ಅಂಗಳದಲ್ಲಿ ಗಂಡ ಹೆಂಡತಿ ಮರುವಾಯಿಯನ್ನು ಗಾತ್ರ ನೋಡಿ ಪಾಲು ಹಾಕುತ್ತಿದ್ದರು. ನಾವು ಆಡಿದ್ದು ತುಳುವಿನಲ್ಲಿ. ನನಗೆ ಬರೆಯಲು ಬರುವುದು ಕನ್ನಡ. ಆ ಹಸಿರು ನೀರು ತೊಟ್ಟಿಯ ಜೀವಿಗಳನ್ನು ಕೊಲ್ಲುತ್ತದೆ, ಆಮೇಲೆ ಮೀನಿನ ರಕ್ತವೆಲ್ಲ ಹಾಗೇ ನದಿಗೆ ಬರುತ್ತದೆ, ಶೆಡ್ಡಿನವರಿಗೆ ಹೇಳಿ, ನಾಲ್ಕು ಮನೆಯವರು ಒಟ್ಟಾಗಿ ಹೋಗಿ ಎಂದೆ.

ತಂಗಿಯ ಗಂಡ ಎದ್ದು ಕೈ ಒರೆಸಿಕೊಂಡ. "ಕೇಳಿದ್ದೇವೆ ಅಕ್ಕ. ಹೊಸ ಸೋಪು ಬರ್ತದೆ ಅಂತ ಗೊತ್ತಾದ ದಿನವೇ ಹೋಗಿ ಕೇಳಿದ್ದೇವೆ. ಅವರು ರಿಪೋರ್ಟ್ ತೋರಿಸಿದ್ರು. ಏನೂ ಆಗುವುದಿಲ್ಲ ಅಂತ ಉಂಟು ಅದರಲ್ಲಿ."

"ಅದು ಸುಳ್ಳು."

"ನಿನ್ನ ಲ್ಯಾಬಿನದ್ದೇ ಅಲ್ವಾ ಅದು?" ತಂಗಿ ಕೇಳಿದಳು. "ನಾನೇ ಎಲ್ಲರ ಎದುರು ಹೇಳಿದೆ. ನನ್ನ ಅಕ್ಕ ಅಲ್ಲೇ ಇರುವುದು, ಅಲ್ಲಿಂದ ಬಂದದ್ದು ಅಂದ್ರೆ ಸರಿಯೇ ಇರ್ತದೆ ಅಂತ. ನಾನು ಹೇಳಿದ ಮೇಲೆ ಉಳಿದವರು ಸುಮ್ಮನಾದ್ರು."

ನನ್ನ ಮೇಲಿನ ಅವಳ ನಂಬಿಕೆಯೇ ಆ ಕಾಗದಕ್ಕೆ ಇನ್ನೊಂದು ಸಹಿಯಾಗಿತ್ತು.

ಮರುದಿನ ಅವರು ಮತ್ತೆ ಹೋದರು. ಶೆಡ್ಡಿನ ಮ್ಯಾನೇಜರ್ ನಕ್ಕನಂತೆ. "ಲ್ಯಾಬಿನ ಮಾಲಕರು ಹೇಳುವುದನ್ನು ನಂಬುವುದಾ, ಕಸ ಗುಡಿಸುವವರು ಹೇಳುವುದನ್ನು ನಂಬುವುದಾ, ನೀವೇ ಹೇಳಿ."

ದೀಪಾವಳಿ ಕಳೆದು ಮೀನಿನ ಕೆಲಸ ಜೋರಾದ ಕಾಲಕ್ಕೆ ಶೆಡ್ಡಿನಿಂದಲೇ ಲ್ಯಾಬಿಗೆ ಫೋನ್ ಬಂತು. ತೊಟ್ಟಿ ನಾರುತ್ತಿದೆ, ನೋಡಿ ಎಂದು. ಸ್ಯಾಂಪಲ್ ತರಲು ಸರ್ ನನ್ನನ್ನೇ ಕಳಿಸಿದರು. ಗಾಳಿಯ ಯಂತ್ರ ಓಡುತ್ತಿತ್ತು, ಗುಳ್ಳೆ ಏಳುತ್ತಿತ್ತು, ಆದರೆ ನೀರು ಬೂದಿಯ ಬಣ್ಣ. ಮೇಲೆ ಹಾಸಿಗೆಯಷ್ಟು ದಪ್ಪ ಬಿಳಿ ನೊರೆ. ಡಬ್ಬ ಇಳಿಸಿ ಮೊಗೆದೆ. ಕೊಳೆತ ಮೊಟ್ಟೆ, ಅದರ ಮೇಲೆ ನಿಂಬೆ.

ಮೇಡಂ ಜಾಗಕ್ಕೆ ಬಂದಿದ್ದವರು ಅದಕ್ಕೆ ಪ್ರೋಬ್ ಇಳಿಸಿದಾಗ ನಾನು ಪಕ್ಕದಲ್ಲೇ ಬಟ್ಟೆ ಹಿಡಿದು ನಿಂತಿದ್ದೆ. ಅಂಕೆ ಒಮ್ಮೆ ಮಿನುಗಿ ನಿಂತಿತು. "ಮೀಟರ್ ಹ್ಯಾಂಗ್ ಆಯ್ತಾ?" ಎಂದರು ಅವರು. ಸರ್ ಬಂದು ನೋಡಿ, ನನ್ನ ಮುಖ ನೋಡದೆ, "ತೊಟ್ಟಿ ಸರಿಯಾಗಿ ಮೇಂಟೇನ್ ಮಾಡ್ಲಿಲ್ಲ ಅಂತ ಬರೀರಿ" ಎಂದು ಒಳಗೆ ಹೋದರು. ಆಮೇಲೆ ಅದೇ ಸೋಪಿನ ಕಂಪನಿಯವರು ತೊಟ್ಟಿಗೆ ಹಾಕಲು ಜೀವಾಣುಗಳ ಹುಡಿಯ ಪ್ಯಾಕೆಟನ್ನೂ ಮಾರಿದರು. ಒಂದು ಕೈಯಿಂದ ಕೊಲ್ಲುವುದು, ಇನ್ನೊಂದು ಕೈಯಿಂದ ಬಿತ್ತುವುದು, ಎರಡಕ್ಕೂ ಬೆಲೆ.

ನದಿಗೆ ಬೇರೆ ಕೊಳಕೂ ಬರುತ್ತದೆ. ಇದೊಂದರಿಂದಲೇ ಎಂದು ನಾನು ಆಣೆ ಇಡಲಾರೆ. ನೋಡಿದ್ದನ್ನು ಮಾತ್ರ ಬರೆಯುತ್ತೇನೆ. ಆ ವರ್ಷ ಶೆಡ್ಡಿನ ಕೆಳಗಿನ ಕೆಸರಿನಲ್ಲಿ ಮರುವಾಯಿ ಬಾಯಿ ಬಿಟ್ಟು ಬಿದ್ದವು. ತಂಗಿ ಒಂದು ಟಬ್ಬು ಹೆಕ್ಕಿ ತಂದು ಅಂಗಳದಲ್ಲಿ ಸುರಿದಳಂತೆ. ಟಿಕ್ ಎನ್ನುವ ಒಂದು ಸದ್ದೂ ಇಲ್ಲ. ಅವಳ ಗಂಡ ಈಗ ಬಂದರಿನಲ್ಲಿ ಹೊರೆ ಹೊರಲು ಹೋಗುತ್ತಾನೆ. ತಂಗಿಗೆ ಆ ಶೆಡ್ಡಿನಲ್ಲೇ ಕೆಲಸ ಸಿಕ್ಕಿತು. ನೆಲ, ಮೇಜು, ಟ್ರೇ ತೊಳೆಯುವುದು. ಅವಳ ಅಂಗೈ ಚರ್ಮ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಏಳುವುದನ್ನು ನೀವು ನೋಡಿ, "ಚಿಕ್ಕಜ್ಜಿಗೆ ಎಂತ ಅಲರ್ಜಿ?" ಎಂದು ಕೇಳಿದ್ದೀರಿ.

ಹೋದ ಆಯುಧ ಪೂಜೆಗೆ ಶೆಡ್ಡಿನವರು ಕೆಲಸದವರಿಗೆಲ್ಲ ಒಂದೊಂದು ಕ್ಯಾನ್ ಉಡುಗೊರೆ ಕೊಟ್ಟರು. ತಂಗಿ ತನ್ನದನ್ನು ಬಸ್ಸಿನಲ್ಲಿ ಹೊತ್ತು ತಂದು ನನಗೆ ಕೊಟ್ಟಳು. "ಅಕ್ಕ, ನನಗೆ ಅಲ್ಲಿ ದಿನಾ ಮೂಸಿ ಸಾಕಾಗಿದೆ. ನೀನು ಇಟ್ಟುಕೋ, ನೆಲ ಒಳ್ಳೆ ಹೊಳೆಯುತ್ತದೆ." ಅವಳು ಚುಚ್ಚಿ ಹೇಳಿದ್ದಲ್ಲ. ಪ್ರೀತಿಯಿಂದಲೇ ಕೊಟ್ಟದ್ದು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಮಕ್ಕಳೇ, ಅದೇ ಮೆಟ್ಟಿಲ ಕೆಳಗಿನ ಕ್ಯಾನ್. ಬಚ್ಚಲಿಗೆ ಸುರಿದರೆ ನಮ್ಮ ಬೀದಿಯ ಪೈಪಿನಲ್ಲಿ ಹರಿದು, ನಾನು ಡಬ್ಬ ಇಳಿಸುತ್ತಿದ್ದಂಥ ಇನ್ನೊಂದು ತೊಟ್ಟಿಗೇ ಹೋಗುತ್ತದೆ. ಅಂಗಳಕ್ಕೆ ಸುರಿದರೆ ಬಾವಿ ಹತ್ತಿರದಲ್ಲಿದೆ. ಕಸದ ಗಾಡಿಯವರಿಗೆ ಕೊಟ್ಟರೆ ಅವರು 'ಒಳ್ಳೆ ಮಾಲು' ಎಂದು ಮನೆಗೆ ಕೊಂಡುಹೋಗುತ್ತಾರೆ. ಒಬ್ಬಳೇ ಕೂತು ತುಂಬ ಯೋಚಿಸಿದ್ದೇನೆ. ಇದನ್ನು ಸುರಿಯಲು ಒಂದು ಜಾಗ ನನಗೆ ಸಿಕ್ಕಿಲ್ಲ. ನೀವು ನನಗಿಂತ ಹೆಚ್ಚು ಓದುತ್ತೀರಿ, ನಿಮಗೆ ಸಿಗಬಹುದು. ಸಿಗುವವರೆಗೆ ಅದು ಅಲ್ಲೇ ಇರಲಿ. ಟೇಪ್ ಸಡಿಲವಾದರೆ ಹೊಸದು ಸುತ್ತಿ.